ಹಳೇ ಡೀಸೆಲ್ ಜೀಪು ಏರಿನಾಗೆ ದಮ್ ಬಿಡ್ತತಿ, ನಿಲ್ಸಿ ಹೊರಟ್ರೆ ಮತ್ತೆ ಸರಿ. ಎಲ್ಲಿ ನೋಡ್ಬೇಕು?

ಆನಗೋಡು_ಜೀಪು
ಎಲ್ರಿಗೂ ನಮಸ್ಕಾರ್ರೀ. ನಮ್ದು 1998ರ ಡೀಸೆಲ್ ಜೀಪು, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ, ನಾಜಲ್ಲಿಗೆ ಡೀಸೆಲ್ ಒತ್ತಿ ಕಳಿಸೋದು ರೋಟರಿ ಪಂಪು. ಅಪ್ಪಾಜಿ ತಗೊಂಡಿದ್ದು, ಮನಿ ಕೆಲಸಕ್ಕೂ ಅದೇ ಹೊಲಕ್ಕೂ ಅದೇ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತತಿ, ಊರೊಳಗೆ ಎಷ್ಟು ಓಡಾಡಿದ್ರೂ ಏನೂ ಗೊತ್ತಾಗಲ್ಲ. ಹೈವೇ ಹತ್ತಿ ದುರ್ಗದ ಕಡೆ ಹೊರಟು ಭರಮಸಾಗರ ಹತ್ರ ಬರೋಷ್ಟ್ರಾಗೆ ಯಾವ್ದಾದ್ರೂ ಒಂದು ಏರಿನಾಗೆ ಇದ್ದಕ್ಕಿದ್ದಂಗೆ ಎಳೆಯೋದು ಕಮ್ಮಿ ಆಗ್ತತಿ. ಆಕ್ಸಿಲರೇಟರ್ ಪೂರ್ತಿ ತುಳಿದ್ರೂ ರೇಸ್ ಏರಲ್ಲ, ಅರವತ್ತರಾಗೆ ಇದ್ದದ್ದು ಮೂವತ್ತಕ್ಕೆ ಇಳೀತತಿ, ಹಿಂದಿನ ಲಾರಿಯವ್ರು ಹಾರನ್ ಹೊಡೀತಾರೆ. ಸೈಡಿಗೆ ಹಾಕಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹೊರಟ್ರೆ ಏನೂ ಆಗೇ ಇಲ್ಲ ಅನ್ನಂಗೆ ಓಡ್ತತಿ, ಮತ್ತೆ ಸ್ವಲ್ಪ ದೂರ ಹೋದ್ಮೇಲೆ ಅದೇ ಕಥಿ.

ಡೀಸೆಲ್ ಫಿಲ್ಟರ್ ಹೊಸ್ದು ಹಾಕ್ಸಿ ಆತು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ನಾಜಲ್ ಸರ್ವಿಸ್ ಆತು, ಏರ್ ಫಿಲ್ಟರ್ ಕ್ಲೀನ್ ಆತು. ಈಗ ಮೆಕ್ಯಾನಿಕ್ ಪಂಪು ಇಳಿಸ್ಬೇಕು ಅಂತಿದಾರೆ. ಪಂಪಿನ ಕೆಲಸ ಅಂದ್ರೆ ಸಣ್ಣ ದುಡ್ಡಲ್ಲ, ಮೆಕ್ಕೆಜೋಳ ಇನ್ನೂ ಮನ್ಯಾಗೇ ಐತಿ, ಮಾರಿಲ್ಲ. ಇಳಿಸೋ ಮುಂಚೆ ಬೇರೆ ಏನಾದ್ರೂ ನೋಡೋದಿದ್ರೆ ಹೇಳ್ರಿ.

ಮಿರ್ಚಿಮಂಡಕ್ಕಿ
ಡೀಸೆಲ್ ಕಲಬೆರಕೆ ಇರ್ಬೇಕು ಅಣ್ಣಾ, ಬಂಕ್ ಚೇಂಜ್ ಮಾಡಿ ನೋಡು.

ದುರ್ಗದ_ಡ್ರೈವರ್
ಕಲಬೆರಕೆ ಆಗಿದ್ರೆ ಹತ್ತು ನಿಮಿಷ ನಿಂತ್ರೆ ಸರಿ ಹೋಗುತ್ತೇನಪ್ಪಾ? ಡೀಸೆಲ್ ಅದೇ ಟ್ಯಾಂಕಲ್ಲೇ ಇರುತ್ತಲ್ಲ. ನಿಂತ್ರೆ ಸರಿ ಹೋಗೋ ರೋಗ ಬೇರೆ.

ಆನಗೋಡಣ್ಣ, ಒಂದು ಕೇಳ್ತೀನಿ ಹೇಳು. ದುರ್ಗಕ್ಕೆ ಹೋಗುವಾಗ ಮಾತ್ರ ಹಿಂಗಾಗುತ್ತೋ, ವಾಪಸ್ ದಾವಣಗೆರೆ ಕಡೆ ಬರುವಾಗಲೂ ಆಗುತ್ತೋ? ಯಾಕಂದ್ರೆ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರು, ದುರ್ಗ ಸುಮಾರು 730. ಕಣ್ಣಿಗೆ ಸಪಾಟು ಕಂಡ್ರೂ ಒಟ್ಟಾರೆ ರೋಡು ಏರ್ತಾನೇ ಹೋಗುತ್ತೆ, ಲೋಡ್ ಗಾಡಿ ಓಡಿಸೋರಿಗೆ ಅದು ಕಾಲಲ್ಲೇ ಗೊತ್ತಾಗುತ್ತೆ.

ಆನಗೋಡು_ಜೀಪು
ಹೋಗುವಾಗಲೇ ಜಾಸ್ತಿ ರೀ. ಬರುವಾಗ ಅಪರೂಪ, ಅದೂ ಹಿಂದೆ ಚೀಲ ಹೇರಿದ್ರೆ ಮಾತ್ರ.

ಬೆಂಗಳೂರಿಂದ_ದಾವಣಗೆರೆ
ಸ್ಕ್ಯಾನರ್ ಹಾಕ್ಸಿ ಬ್ರೋ, ಎರರ್ ಕೋಡ್ ಏನು ಬರುತ್ತೆ ನೋಡಿ. ಸುಮ್ನೆ ಗೆಸ್ ಮಾಡ್ಕೊಂಡು ಪಾರ್ಟ್ಸ್ ಚೇಂಜ್ ಮಾಡ್ಬೇಡಿ.

ದುರ್ಗದ_ಡ್ರೈವರ್
ತಮ್ಮಾ, 1998ರ ಜೀಪಲ್ಲಿ ಸ್ಕ್ಯಾನರ್ ಚುಚ್ಚೋಕೆ ಸಾಕೆಟ್ಟೇ ಇಲ್ಲ. ಇಸಿಎಂ ಅನ್ನೋ ಇಂಜಿನ್ ಕಂಪ್ಯೂಟರ್ ಇಲ್ಲ, ಅದಕ್ಕೆ ಸೆನ್ಸರ್ ಇಲ್ಲ. ಇರೋ ಕರೆಂಟು ಅಂದ್ರೆ ಬ್ಯಾಟ್ರಿ, ಸೆಲ್ಫು, ಹೀಟರ್ ಪ್ಲಗ್ಗು, ಪಂಪಿನ ಸ್ಟಾಪ್ ಸೊಲೆನಾಯ್ಡು ಅಷ್ಟೇ. ಆದ್ರೆ ಗೆಸ್ ಮೇಲೆ ಪಾರ್ಟ್ಸ್ ಬದಲಾಯಿಸ್ಬೇಡಿ ಅಂದ್ಯಲ್ಲ, ಆ ಮಾತು ನೂರಕ್ಕೆ ನೂರು ಸರಿ.

ಹೊಳಲ್ಕೆರೆ_ಅಡಿಕೆ
ನಮ್ಮ ಗೂಡ್ಸ್ ಗಾಡಿಗೂ ಹಿಂಗೇ ಆಗಿತ್ತು, ಭೀಮಸಮುದ್ರಕ್ಕೆ ಅಡಿಕೆ ಹಾಕ್ಕೊಂಡು ಹೋಗುವಾಗ. ನಾವು ಇಂಜಿನ್ನು ಇಂಜಿನ್ನು ಅಂತ ಎಲ್ಲಾ ನೋಡ್ಸಿದ್ವಿ, ಕಡೀಗೆ ನೋಡಿದ್ರೆ ಹಿಂದಿನ ಎಡಗಡೆ ಬ್ರೇಕು ಹಿಡ್ಕೊಳ್ತಿತ್ತು. ಓಡ್ತಾ ಓಡ್ತಾ ಡ್ರಮ್ಮು ಕಾದು ಇನ್ನೂ ಬಿಗಿ ಆಗೋದು, ನಿಲ್ಲಿಸಿದ್ರೆ ತಣ್ಣಗಾಗಿ ಬಿಡೋದು. ಗಾಡಿಗೆ ಶಕ್ತಿ ಇಲ್ಲ ಅಂತ ಅನ್ಸುತ್ತೆ, ಆದ್ರೆ ಇಂಜಿನ್ನು ಚೆನ್ನಾಗೇ ಇರುತ್ತೆ. ಮುಂದಿನ ಸಲ ನಿಲ್ಲಿಸಿದ ತಕ್ಷಣ ನಾಲ್ಕೂ ಗಾಲಿ ಹತ್ರ ಕೈ ತಗೊಂಡು ಹೋಗಿ ನೋಡಿ ಅಣ್ಣಾ, ಮುಟ್ಟಬೇಡಿ ಸುಡುತ್ತೆ, ಹತ್ರ ಹೋದ್ರೇ ಗೊತ್ತಾಗುತ್ತೆ. ಒಂದು ಗಾಲಿ ಮಾತ್ರ ಉಳಿದವಕ್ಕಿಂತ ಬಿಸಿ ಇದ್ರೆ ಅದೇ.

ಪಂಪು_ನಾಜಲ್
ಅಕ್ಕ ಹೇಳಿದ್ದು ಬಹಳ ಜನ ಮರೆಯೋ ವಿಷಯ. ಕ್ಲಚ್ಚೂ ಹಂಗೇ, ಕ್ಲಚ್ ಸ್ಲಿಪ್ ಆದ್ರೂ ಗಾಡಿ ಎಳಿಯಲ್ಲ, ಆದ್ರೆ ಅದ್ರಾಗೆ ಇಂಜಿನ್ ರೇಸ್ ಏರ್ತತಿ, ಗಾಡಿ ಸ್ಪೀಡ್ ಏರಲ್ಲ. ಇವ್ರು ರೇಸೇ ಏರಲ್ಲ ಅಂತ ಬರ್ದಾರೆ, ಹಂಗಾಗಿ ಕ್ಲಚ್ ಬಿಟ್ಬಿಡ್ರಿ. ಬ್ರೇಕ್ ಮಾತ್ರ ಪರೀಕ್ಷೆ ಮಾಡ್ರಿ, ಖರ್ಚಿಲ್ಲದ ಕೆಲಸ.

ನಾನು ಪಂಪು ನಾಜಲ್ ಬೆಂಚಿನ ಕೆಲಸ ಮಾಡೋನು, ಪಂಪು ಇಳಿಸಿದ್ರೆ ನಮ್ಮಂಥವರಿಗೇ ಕೆಲಸ, ಆದ್ರೂ ಹೇಳ್ತೀನಿ, ತಡೀರಿ. ರೋಟರಿ ಪಂಪು ಒಳಗೆ ಸವೆದಿದ್ರೆ ಅದರ ಲಕ್ಷಣ ಬೇರೆ. ಇಂಜಿನ್ ಪೂರ್ತಿ ಬಿಸಿ ಇದ್ದಾಗ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದ್ರೆ ತೊಗೊಳ್ಳೋದೇ ಇಲ್ಲ, ಸೆಲ್ಫ್ ಹೊಡ್ದು ಹೊಡ್ದು ಬ್ಯಾಟ್ರಿ ಇಳೀತತಿ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಸವೆದ ಜಾಗದಿಂದ ಒಳಗೇ ಜಾರಿ ಹೋಗ್ತತಿ, ಪ್ರೆಷರ್ ಕಟ್ಟಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿದ್ರೆ ಸ್ಟಾರ್ಟ್ ಆಗ್ತತಿ. ಬಟ್ಟೆ ಅಷ್ಟೇ ಮತ್ತೆ, ಬಿಸಿ ಪಂಪಿಗೆ ಕೊಡಪಾನದಾಗೆ ನೀರು ಸುರೀಬೇಡ್ರಿ, ಒಳಗೆ ಹಿಡ್ಕೊಂಡ್ ಬಿಡ್ತತಿ. ನಿಮ್ದು ಬಿಸಿ ಇದ್ದಾಗಲೂ ಹತ್ತು ನಿಮಿಷಕ್ಕೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತತಿ ಅಂದ್ರೆ ಪಂಪಿನ ಮೇಲೆ ನನಗೆ ಅನುಮಾನ ಕಮ್ಮಿ.

ಇನ್ನೊಂದು ಮುಖ್ಯವಾದ್ದು. ದಮ್ ಬಿಟ್ಟಾಗ ಹೊಗೆ ಯಾವ ಬಣ್ಣ? ಹಿಂದೆ ಯಾರನ್ನಾದ್ರೂ ಕೂರ್ಸಿ ನೋಡ್ಸಿ ಬಂದು ಬರೀರಿ.

ಮಿರ್ಚಿಮಂಡಕ್ಕಿ
ಹೊಗೆ ನೋಡಿದ್ರೆ ಏನ್ ಗೊತ್ತಾಗ್ತತಿ ಅಣ್ಣಾ?

ಪಂಪು_ನಾಜಲ್
ಕರೀ ಹೊಗೆ ಬಂದ್ರೆ ಡೀಸೆಲ್ ಹೋಗ್ತೈತಿ, ಗಾಳಿ ಸಾಲ್ತಿಲ್ಲ ಅಂತ. ಏರ್ ಫಿಲ್ಟರ್ ಕಟ್ಟಿರ್ತತಿ, ಇಲ್ಲ ಸೈಲೆನ್ಸರ್ ಒಳಗೆ ತಗಡು ಕಳಚಿ ದಾರಿ ಮುಚ್ಚಿರ್ತತಿ, ಇಲ್ಲ ನಾಜಲ್ ಸುರೀತಿರ್ತತಿ. ಹೊಗೇನೇ ಇಲ್ಲ, ಪೆಡಲ್ ಪೂರ್ತಿ ತುಳಿದ್ರೂ ಹಿಂದೆ ಸ್ವಚ್ಛ ಐತಿ ಅಂದ್ರೆ ಡೀಸೆಲ್ಲೇ ಇಂಜಿನ್ ಮುಟ್ಟಿಲ್ಲ. ಬಿಳೀ ಹೊಗೆ ಡೀಸೆಲ್ ಸುಡದೇ ಹೋಗೋದು, ನೀರು ಸೇರಿರ್ಬಹುದು, ಕಂಪ್ರೆಷನ್ ಇಲ್ದೇ ಇರ್ಬಹುದು. ಈ ಒಂದೇ ನೋಟದಾಗೆ ಅರ್ಧ ಅನುಮಾನ ಕಳೀತತಿ.

ಬೆಂಗಳೂರಿಂದ_ದಾವಣಗೆರೆ
ಒಳ್ಳೆ ಮಾಹಿತಿ ಸರ್. ಒಂದು ಡೌಟು, ಈಗ ಬರ್ತಿರೋ ಬಿಎಸ್6 (ಹೊಸ ಹೊಗೆ ಮಾನದಂಡದ) ಡೀಸೆಲ್ ಹಳೇ ಇಂಜಿನ್‌ಗೆ ಆಗ್ಬರಲ್ಲ ಅಂತಾರಲ್ಲ, ಅದೇ ಕಾರಣ ಇರ್ಬಹುದಾ?

ಚಳ್ಳಕೆರೆ_ಶೇಂಗಾ
ಅದೇ ಇರೋದು! ಈಗ ಎಲ್ಲದಕ್ಕೂ ಎಥೆನಾಲ್ ಕಲಸ್ತಾರೆ, ಇಪ್ಪತ್ತು ಪರ್ಸೆಂಟು. ಹಳೇ ಗಾಡಿ ಎಲ್ಲಾ ಹಾಳಾಗ್ತಾ ಐತೆ.

ಪಂಪು_ನಾಜಲ್
ಎಥೆನಾಲ್ ಕಲಸೋದು ಪೆಟ್ರೋಲಿಗೆ, ಇ20 ಅನ್ನೋದು ಪೆಟ್ರೋಲು. ಡೀಸೆಲ್ ಬಂಕಿನಾಗೆ ಆ ಲೆಕ್ಕ ಇಲ್ಲ, ಎರಡನ್ನೂ ಒಂದೇ ಮಾಡ್ಬೇಡ್ರಿ.

ಬಿಎಸ್6 ಡೀಸೆಲ್ ಬಗ್ಗೆ ಕೇಳಿದ್ರಲ್ಲ, 2020ರ ಏಪ್ರಿಲ್‌ನಿಂದ ದೇಶದ ತುಂಬಾ ಅದೇ ಬರ್ತೈತಿ. ಬಿಎಸ್4ನಾಗೆ ಗಂಧಕ 50 ಪಿಪಿಎಂ ಇತ್ತು, ಇದ್ರಾಗೆ 10. ಗಂಧಕ ತೆಗೆಯೋವಾಗ ಡೀಸೆಲ್ಲಿನ ಜಿಡ್ಡೂ ಸ್ವಲ್ಪ ಹೋಗ್ತತಿ, ಅದಕ್ಕೆ ಕಂಪನಿಯವ್ರೇ ಬೇರೆ ಅಡಿಟಿವ್ ಸೇರಿಸಿ ಕಳಿಸ್ತಾರೆ. ಹಳೇ ಪಂಪಿನ ರಬ್ಬರ್ ಸೀಲು ಒಣಗಿ ಸೋರೋದು ನಾನೂ ನೋಡೀನಿ. ಆದ್ರೆ ಅದು ಸೋರಿಕೆ, ಒಂದ್ಸಲ ಶುರುವಾದ್ರೆ ದಿನಾ ಇರ್ತತಿ. ಹತ್ತು ನಿಮಿಷಕ್ಕೆ ವಾಸಿ ಆಗಲ್ಲ.

ಆನಗೋಡು_ಜೀಪು
ಹೊಗೆ ನೋಡ್ಸಿದೆ ಅಣ್ಣಾ. ತಮ್ಮ ಬೈಕಿನಾಗೆ ಹಿಂದೆ ಬಂದಿದ್ದ. ಚೆನ್ನಾಗಿ ಓಡುವಾಗ ಏರಿನಾಗೆ ಸ್ವಲ್ಪ ಕಪ್ಪು ಬರ್ತತಿ, ದಮ್ ಬಿಟ್ಟ ಮೇಲೆ ಹೊಗೆ ಪೂರ್ತಿ ನಿಂತ್ಹೋಗ್ತತಿ ಅಂದ. ಗಾಲಿ ನಾಲ್ಕೂ ನೋಡಿದೆ, ಎಲ್ಲಾ ಒಂದೇ ಥರ ಬೆಚ್ಚಗದಾವು.

ಪಂಪು_ನಾಜಲ್
ಆತು ಬಿಡ್ರಿ, ಡೀಸೆಲ್ ಬರ್ತಿಲ್ಲ. ಇನ್ಮೇಲೆ ಟ್ಯಾಂಕಿನಿಂದ ಪಂಪಿನವರೆಗೆ ಮಾತ್ರ ನೋಡೋದು.

ದುರ್ಗದ_ಡ್ರೈವರ್
ಮೊದಲನೇದು ಟ್ಯಾಂಕಿನ ಮುಚ್ಚಳ. ಡೀಸೆಲ್ ಖಾಲಿ ಆದಷ್ಟು ಗಾಳಿ ಒಳಗೆ ಬರ್ಬೇಕು, ಆ ತೂತು ಮಣ್ಣು ಕಟ್ಟಿದ್ರೆ ಟ್ಯಾಂಕಲ್ಲಿ ವ್ಯಾಕ್ಯೂಮ್ ಆಗಿ ಪಂಪಿಗೆ ಡೀಸೆಲ್ ಎಳ್ಕೊಳ್ಳೋಕೆ ಆಗಲ್ಲ. ನಿಲ್ಲಿಸಿದ್ರೆ ನಿಧಾನಕ್ಕೆ ಗಾಳಿ ನುಸುಳಿ ಸರಿ ಹೋಗುತ್ತೆ, ನಿನ್ನ ಗಾಡಿ ಲಕ್ಷಣಕ್ಕೆ ಒಪ್ಪುತ್ತೆ. ದಮ್ ಬಿಟ್ಟ ತಕ್ಷಣ ನಿಲ್ಸಿ ಮುಚ್ಚಳ ತೆಗಿ, ಉಸ್ಸ್ ಅಂತ ಗಾಳಿ ಎಳ್ಕೊಂಡ್ರೆ ಸಿಕ್ತು ಅಂತ ತಿಳ್ಕೋ. ಇಲ್ಲ ಅಂದ್ರೆ ಮುಚ್ಚಳ ಸಡಿಲ ಮಾಡ್ಕೊಂಡು ಅದೇ ಏರು ಹತ್ತಿಸಿ ನೋಡು.

ಮಿರ್ಚಿಮಂಡಕ್ಕಿ
ನನ್ನ ಬೈಕಿಗೂ ಇದೇ ಆಗಿತ್ತು, ವಾಟರ್ ಸರ್ವಿಸ್ ಮಾಡ್ಸಿದ ಮೇಲೆ. ಪೆಟ್ರೋಲ್ ಮುಚ್ಚಳದ ತೂತು ಬ್ಲಾಕು. ಮುಚ್ಚಳ ತೆಗ್ದು ಹಾಕಿದ್ರೆ ಒಂದಷ್ಟು ದೂರ ಓಡೋದು. ಅಣ್ಣಾ ಅದೇ ಇರ್ತತಿ ನೋಡು, ಆಮೇಲೆ ಬೆಣ್ಣೆದೋಸೆ ಕೊಡ್ಸು.

ಆನಗೋಡು_ಜೀಪು
ಸರಿ ಹೋದ್ರೆ ದೋಸೆ ಖಂಡಿತ ತಮ್ಮಾ. ಆದ್ರೆ ಮುಚ್ಚಳ ತೆಗ್ದು ನೋಡಿದೆ, ಸದ್ದಿಲ್ಲ. ಸಡಿಲ ಬಿಟ್ಕೊಂಡು ಹೋದ್ರೂ ಅದೇ ತೊಂದ್ರೆ ಬಂತು.

ಜಗಳೂರು_ಬಾವಿ
ನಾನು ಮೆಕ್ಯಾನಿಕ್ ಅಲ್ಲ, ರೈತ. ಓದ್ತಾ ಇದ್ದೆ, ಒಂದು ಹೇಳ್ಬೇಕು ಅನ್ನಿಸ್ತು. ನಮ್ಮ ಕಡೆ ತೆರೆದ ಬಾವಿಯಾಗೆ ನೀರಿದ್ದ ಕಾಲದಾಗೆ ಮೋಟ್ರು ಮೇಲಿಟ್ಟು ನೀರು ಎಳೀತಿದ್ವಲ್ಲ, ಅದ್ರಾಗೂ ಎರಡೇ ಥರ ತೊಂದ್ರೆ ಬರೋದು. ಒಂದು, ಕೆಳಗೆ ಪೈಪಿನ ಬಾಯಿಗಿರೋ ಫುಟ್‌ವಾಲ್ವಿಗೆ ಕಸ ಕಟ್ಟೋದು. ಎರಡು, ಸಕ್ಷನ್ ಪೈಪಿನಾಗೆ ಎಲ್ಲೋ ಕೂದಲೆಳೆ ಸೀಳು ಬಿಟ್ಟು ಗಾಳಿ ಎಳ್ಕೊಳ್ಳೋದು. ಕಸ ಕಟ್ಟಿದ್ರೆ ಮೋಟ್ರು ಆಫ್ ಮಾಡಿದಾಗ ಕಸ ಉದುರಿ ಮತ್ತೆ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ನೀರು ಬರ್ತಿತ್ತು. ಸೀಳು ಬಿಟ್ಟಿದ್ರೆ ಆಫ್ ಮಾಡಿದ್ರೆ ಪೈಪಿನ ನೀರೆಲ್ಲಾ ಇಳ್ದು ಮತ್ತೆ ಪೈಪಿಗೆ ನೀರು ತುಂಬ್ಸಿ ಪ್ರೈಮಿಂಗ್ ಮಾಡೋದೇ ಆಗ್ತಿತ್ತು. ನಿಮ್ಮ ಜೀಪು ಆಫ್ ಮಾಡಿದ್ರೆ ಸರಿ ಹೋಗ್ತತಿ, ಕೆಟ್ಟು ಹೋಗಲ್ಲ. ಹಂಗಾದ್ರೆ ಕಸವೇ ಇರ್ಬೇಕಲ್ರೀ?

ಪಂಪು_ನಾಜಲ್
ಯಜಮಾನ್ರೇ, ನಮ್ಮ ಹತ್ರ ಕೆಲಸ ಕಲಿಯೋಕೆ ಬರೋ ಹುಡುಗ್ರಿಗೆ ಇದನ್ನೇ ಓದ್ಸಬೇಕು. ಬಹಳ ಸರಿ ಹೇಳಿದ್ರಿ. ಈ ಜೀಪಿನಾಗೂ ಪಂಪು ತನ್ನೊಳಗೆ ತಿರುಗೋ ರೆಕ್ಕೆಯಿಂದ (ವೇನು) ಟ್ಯಾಂಕಿನ ಡೀಸೆಲ್ ಎಳ್ಕೊಳ್ಳೋದು, ಅಂದ್ರೆ ಟ್ಯಾಂಕಿನಿಂದ ಪಂಪಿನವರೆಗೆ ಲೈನಿನಾಗೆ ಪ್ರೆಷರ್ ಇಲ್ಲ, ಎಳೆತ ಮಾತ್ರ. ಅದಕ್ಕೇ ಸೀಳು ಇದ್ರೂ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗ್ತತಿ. ಲೈನೆಲ್ಲಾ ಒಣಗೈತಿ, ಎಲ್ಲೂ ಸೋರಿಲ್ಲ ಅಂತ ಮೆಕ್ಯಾನಿಕ್ ಸರ್ಟಿಫಿಕೇಟ್ ಕೊಟ್ರೆ ನಂಬಬಾರ್ದು.

ಫಿಲ್ಟರಿನಿಂದ ಪಂಪಿಗೆ ಹೋಗೋ ಪೈಪು ತೆಗ್ದು ಅಲ್ಲಿ ಪಾರದರ್ಶಕ ಪೈಪು ಹಾಕ್ರಿ. ಹಾಕಿ ಏರ್ ತೆಗ್ದು ಓಡ್ಸಿ, ದಮ್ ಬಿಟ್ಟಾಗ ನಿಲ್ಸಿ ಆಫ್ ಮಾಡ್ದೇನೇ ಬಾನೆಟ್ ಎತ್ತಿ ನೋಡ್ರಿ.

ಆನಗೋಡು_ಜೀಪು
ಹಾಕ್ದೆ. ಮಾಮೂಲಿ ಓಡುವಾಗ ಒಂದು ಗುಳ್ಳೆನೂ ಇಲ್ಲ, ಗಾಜಿನಂಗೆ ತಿಳಿ. ದಮ್ ಬಿಟ್ಟಾಗ ಸಾಸಿವೆಗಿಂತ ಸಣ್ಣ ಗುಳ್ಳೆ ಸಾಲಾಗಿ ಬಂದ್ವು.

ದುರ್ಗದ_ಡ್ರೈವರ್
ಸಿಕ್ತಲ್ಲ! ಗಾಳಿ ಎಳ್ಕೊಳ್ತಾ ಐತೆ. ಫಿಲ್ಟರ್ ಹೆಡ್ಡಿಗೆ ಪೈಪು ಕೂಡಿಸೋ ತೂತಿನ ಬೋಲ್ಟು (ಬ್ಯಾಂಜೋ ಬೋಲ್ಟು) ಇರುತ್ತಲ್ಲ, ಅದರ ತಾಮ್ರದ ವಾಷರ್ ಎಲ್ಲಾ ಬದ್ಲಾಯಿಸು, ಹಳೇ ವಾಷರ್ ಮತ್ತೆ ಹಾಕಿದ್ರೆ ಕೂರಲ್ಲ. ಫಿಲ್ಟರ್ ಹಾಕುವಾಗ ಹಳೇದೇ ಹಾಕಿರ್ತಾರೆ.

ಪಂಪು_ನಾಜಲ್
ಅಣ್ಣಾ ಇಲ್ಲಿ ನಿಮ್ಮ ಮಾತು ನಾನು ಒಪ್ಪಲ್ಲ. ವಾಷರ್‌ನಾಗೆ ಗಾಳಿ ಎಳ್ಕೊಂಡ್ರೆ ಐಡಲ್ಲಿನಾಗೂ ಗುಳ್ಳೆ ಕಾಣ್ಬೇಕಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಕಷ್ಟ ಆಗ್ಬೇಕಿತ್ತು, ರಾತ್ರಿ ಡೀಸೆಲ್ ಹಿಂದಕ್ಕೆ ಇಳೀತತಿ. ಇವ್ರದ್ದು ಒಂದೇ ಸೆಲ್ಫಿಗೆ ಸ್ಟಾರ್ಟು. ದಾರಿ ಮುಚ್ಚಿದಾಗ ಎಳೆತ ಜಾಸ್ತಿ ಆಗಿ ಡೀಸೆಲ್ಲಿನಾಗೆ ಕರಗಿರೋ ಗಾಳಿನೇ ಸಣ್ಣ ಗುಳ್ಳೆಯಾಗಿ ಹೊರಗೆ ಬರ್ತತಿ.

ದುರ್ಗದ_ಡ್ರೈವರ್
ಕರಗಿರೋ ಗಾಳಿ ಅಂತೆಲ್ಲಾ ಕೇಳಿಲ್ಲ ನಾನು. ಮೂವತ್ತು ವರ್ಷ ಲಾರಿ ಓಡಿಸಿದೀನಿ, ಗುಳ್ಳೆ ಬಂದ್ರೆ ಏರ್ ಅಂತಾನೇ ಅರ್ಥ.

ಪಂಪು_ನಾಜಲ್
ನಿಮ್ಮ ಅನುಭವಕ್ಕೆ ಗೌರವ ಐತಿ ಅಣ್ಣಾ. ದೊಡ್ಡ ಗುಳ್ಳೆ, ಬಿಟ್ಟು ಬಿಟ್ಟು ಬರೋದು, ಆಗ ಹೊರಗಿನ ಗಾಳಿ. ನಮ್ಮ ಬೆಂಚಿನ ಮೇಲೆ ಸಕ್ಷನ್ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ತಾ ಬಂದ್ರೆ ಈ ಸಣ್ಣ ಗುಳ್ಳೆ ಕಣ್ಣಾರೆ ಕಾಣ್ತತಿ, ಲೀಕೇ ಇರಲ್ಲ ಅಲ್ಲಿ.

ಹರಿಹರ_ನಿವೃತ್ತ_ಫಿಟ್ಟರ್
ಇಬ್ಬರೂ ಜಗಳ ಆಡುವ ಅಗತ್ಯವಿಲ್ಲ, ಪರೀಕ್ಷೆ ಮಾಡಿದರೆ ತೀರ್ಮಾನವಾಗುತ್ತದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಫಿಲ್ಟರಿನ ಮುಂದೆ ಹಾಕಿ. ದಮ್ ಬಿಟ್ಟಾಗ ಮುಳ್ಳು ಏರಿದರೆ ಹಿಂದೆ ದಾರಿ ಮುಚ್ಚಿದೆ, ಏರದೇ ಗುಳ್ಳೆ ಮಾತ್ರ ಬಂದರೆ ಗಾಳಿ ಸೇರುತ್ತಿದೆ.

ಗೇಜ್ ಇಲ್ಲದವರು ಕ್ಯಾನ್ ಪರೀಕ್ಷೆ ಮಾಡಬೇಕು. ಹೊಸ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಹೊಸ ಹೋಸ್ ಪೈಪಿನಿಂದ ನೇರ ಫಿಲ್ಟರಿನ ಇನ್‌ಲೆಟ್‌ಗೆ ಕೊಡಿ. ಟ್ಯಾಂಕಿನ ಲೈನ್ ಪೂರ್ತಿ ಬಿಟ್ಟುಬಿಡಿ. ಮರೆಯಬಾರದ ಸಂಗತಿ, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಹಾಕಿ, ಇಲ್ಲದಿದ್ದರೆ ಬಳಸದ ಡೀಸೆಲ್ ಎಲ್ಲ ಟ್ಯಾಂಕಿಗೆ ಹೋಗಿ ಕ್ಯಾನ್ ಬೇಗ ಖಾಲಿಯಾಗಿ ಏರ್ ಹಿಡಿಯುತ್ತದೆ. ಕ್ಯಾನನ್ನು ಸೈಲೆನ್ಸರ್ ಹತ್ತಿರ ಇಡಬೇಡಿ, ಅಲುಗಾಡದಂತೆ ಕಟ್ಟಿ, ಜೊತೆಗೆ ಒಬ್ಬರು ಇರಲಿ. ಅದೇ ರಸ್ತೆ, ಅದೇ ಲೋಡು, ಅದೇ ಏರು. ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಫಿಲ್ಟರು, ನಾಜಲ್ಲು, ಏರ್ ಫಿಲ್ಟರು ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬೆಂಗಳೂರಿಂದ_ದಾವಣಗೆರೆ
ಇಷ್ಟೆಲ್ಲಾ ಕಷ್ಟ ಯಾಕೆ, ಸ್ಕ್ರ್ಯಾಪಿಗೆ ಕೊಟ್ಟು ಬೇರೆ ಗಾಡಿ ತಗೊಳ್ಳೋದು ಬೆಟರ್ ಅಲ್ವಾ? ಹದಿನೈದು ವರ್ಷ ಆದ್ಮೇಲೆ ಓಡಿಸೋ ಹಂಗೇ ಇಲ್ಲ ಅಲ್ವಾ?

ಆನಗೋಡು_ಜೀಪು
ಓಡಿಸೋ ಹಂಗಿಲ್ಲ ಅನ್ನೋದು ದೆಹಲಿ ಕಡೆ ಮಾತು ಸರ್. ನಮ್ಮಲ್ಲಿ ಖಾಸಗಿ ಗಾಡಿಗೆ ಹದಿನೈದು ವರ್ಷ ಆದ್ಮೇಲೆ ಫಿಟ್‌ನೆಸ್ ತೋರ್ಸಿ ಐದೈದು ವರ್ಷಕ್ಕೆ ಆರ್‌ಸಿ ರಿನೀವಲ್ ಮಾಡ್ಸಬಹುದು. 2022ರ ಏಪ್ರಿಲ್‌ನಿಂದ ಆ ಫೀಸು 600 ಇದ್ದದ್ದು 5000 ಮಾಡಿದ್ರು. ನಾವು 2023ರಾಗೆ ಅಷ್ಟೂ ಕಟ್ಟಿ ಮಾಡ್ಸೀವಿ, ಗ್ರೀನ್ ಟ್ಯಾಕ್ಸೂ ಕಟ್ಟೀವಿ. ಅಪ್ಪಾಜಿ ಬೆವರಿನ ಗಾಡಿ, ಚಾಸಿ ಗಟ್ಟಿ ಐತಿ, ಹೊಲದ ದಾರಿಯಾಗೆ ಹೊಸಾ ಕಾರು ಹೋಗಲ್ಲ. ಕೊಡೋ ಮಾತಿಲ್ಲ.

ಹೊಳಲ್ಕೆರೆ_ಅಡಿಕೆ
ಸರಿಯಾಗಿ ಹೇಳಿದ್ರಿ ಅಣ್ಣಾ. ಓಡೋ ಗಾಡಿ ಯಾಕೆ ಕೊಡ್ಬೇಕು. ಸಾಲ ಮಾಡಿ ಹೊಸದು ತಗೊಂಡು ಕಂತು ಕಟ್ಟೋರ ಕಷ್ಟ ನಾವು ನೋಡ್ತಾ ಇದೀವಿ.

ಚಳ್ಳಕೆರೆ_ಶೇಂಗಾ
ನಮ್ಮದೊಂದು ಹಳೇ ಪೆಟ್ರೋಲ್ ಕಾರು ಐತೆ, ಕಾರ್ಬುರೇಟರ್ದು, ಅದೂ ಬಿಸಿಲಲ್ಲಿ ಹಿಂಗೇ ಮಾಡುತ್ತೆ. ಚಳ್ಳಕೆರೆ ಬಿಸಿಲು ಗೊತ್ತಲ್ಲ. ಹಿರಿಯೂರಿಗೆ ಹೋಗೋಷ್ಟರಲ್ಲಿ ಮಿಸ್ ಹೊಡೆದು ನಿಂತು ಹೋಗುತ್ತೆ, ಅರ್ಧ ಗಂಟೆ ಬಿಟ್ರೆ ಸ್ಟಾರ್ಟು. ಇದಕ್ಕೂ ಟ್ಯಾಂಕಾ?

ಹರಿಹರ_ನಿವೃತ್ತ_ಫಿಟ್ಟರ್
ಪೆಟ್ರೋಲ್ ಗಾಡಿಯಲ್ಲಿ ಮೊದಲು ಕರೆಂಟು ನೋಡಿ. ಇಗ್ನಿಷನ್ ಕಾಯಿಲ್ ಹಳೆಯದಾದರೆ ಕಾದಾಗ ಒಳಗಿನ ಸುತ್ತು ಬಿಟ್ಟುಹೋಗುತ್ತದೆ, ತಣ್ಣಗಾದರೆ ಕೂಡುತ್ತದೆ. ನಿಂತ ತಕ್ಷಣ ಒಂದು ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಕಿಡಿ ನೋಡಿ, ಪೆಟ್ರೋಲ್ ಸೋರಿಕೆ ಇಲ್ಲ ಎಂದು ಖಚಿತ ಮಾಡಿಕೊಂಡು. ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಲೈನಿನಲ್ಲೇ ಆವಿಯಾಗುತ್ತಿದೆ, ಪೈಪು ಇಂಜಿನ್ನಿಗೆ ತಾಗಿಕೊಂಡು ಹೋಗಿದ್ದರೆ ದೂರ ಸರಿಸಿ. ಎಥೆನಾಲ್ ವಿಷಯ ನಿಮ್ಮ ಗಾಡಿಗೆ ಅನ್ವಯಿಸುತ್ತದೆ, ಹಳೆಯ ರಬ್ಬರ್ ಪೈಪು, ಡಯಾಫ್ರಂ ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತವೆ. ಮೊದಲು ಅವನ್ನು ಬದಲಾಯಿಸಿ, ಬೆಂಕಿಯ ಭಯವಿದೆ.

ಚಳ್ಳಕೆರೆ_ಶೇಂಗಾ
ಧನ್ಯವಾದ ಸರ್, ಪೈಪು ನಾಳೆನೇ ನೋಡ್ತೀನಿ.

ಆನಗೋಡು_ಜೀಪು
ಕ್ಯಾನ್ ಟೆಸ್ಟ್ ಮಾಡಿದ್ವಿ. ಮೆಕ್ಕೆಜೋಳದ ಚೀಲ ಹೇರ್ಕೊಂಡು ಅದೇ ರೋಡಿನಾಗೆ ದುರ್ಗದವರೆಗೆ ಹೋಗಿ ಬಂದೆ. ಒಂದ್ಸಲನೂ ದಮ್ ಬಿಡ್ಲಿಲ್ಲ! ಏರಿನಾಗೆ ಗಾಡಿ ಎಳಿಯೋದು ನೋಡಿ ತಮ್ಮ ಸಿಳ್ಳೆ ಹಾಕಿದ. ಪೈಪಿನಾಗೆ ಗುಳ್ಳೆನೂ ಇಲ್ಲ.

ಪಂಪು_ನಾಜಲ್
ಪಂಪು, ಫಿಲ್ಟರು, ವಾಷರು ಎಲ್ಲಾ ಪಾಸ್. ಎಲ್ಲಾ ಅದೇ ಇದ್ದು ಟ್ಯಾಂಕ್ ಕಡೆ ಮಾತ್ರ ಬದಲಾಯ್ಸಿದ್ವಿ. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ದಾರಿಯಾಗೆ ಐತಿ ತೊಂದ್ರೆ.

ದುರ್ಗದ_ಡ್ರೈವರ್
ಟ್ಯಾಂಕು ಇಳಿಸಿ ತೊಳಿಸು ಅಣ್ಣ. ಇಷ್ಟು ವರ್ಷದ ಟ್ಯಾಂಕಲ್ಲಿ ತುಕ್ಕು, ಕೆಸರು ಇಲ್ದೇ ಇರಲ್ಲ. ಒಳಗೆ ಪಿಕಪ್ ಪೈಪಿನ ತುದಿ ಜಾಲರಿಗೆ ಕಟ್ಟಿರುತ್ತೆ. ಬಾವಿ ಯಜಮಾನ್ರು ಹೇಳಿದ ಫುಟ್‌ವಾಲ್ವ್ ಅದೇ.

ಆನಗೋಡು_ಜೀಪು
ಟ್ಯಾಂಕ್ ಇಳಿಸಿದ್ವಿ. ತಳದಾಗೆ ಕಪ್ಪು ಕೆಸರು ಇತ್ತು, ಸ್ವಲ್ಪ ನೀರೂ ಇತ್ತು, ಎಲ್ಲಾ ತೊಳೆದು ಒಣಗ್ಸಿ ಜಾಲರಿ ಕ್ಲೀನ್ ಮಾಡಿ ಹಾಕಿದ್ವಿ. ಲೈನಿಗೆ ಕಂಪ್ರೆಸರ್ ಗಾಳಿ ಹೊಡ್ಸಿದ್ವಿ, ಸರಾಗವಾಗಿ ಹೋತು. ಆದ್ರೂ ನಿನ್ನೆ ಲೋಡ್ ಹಾಕಿ ಹೊರಟ್ರೆ ಮತ್ತೆ ಅದೇ ಜಾಗದಾಗೆ ಅದೇ ತೊಂದ್ರೆ. ಮೆಕ್ಯಾನಿಕ್ ನಾನು ಮೊದ್ಲೇ ಹೇಳಿದ್ನಲ್ಲ ಪಂಪು ಅಂತ ಅಂತಿದಾರೆ. ತಲೆ ಕೆಟ್ಟೈತಿ.

ಮಿರ್ಚಿಮಂಡಕ್ಕಿ
ಅಯ್ಯೋ ಅಣ್ಣಾ.

ದುರ್ಗದ_ಡ್ರೈವರ್
ಪಂಪು ಅಲ್ಲ, ಅಲ್ಲ. ಕ್ಯಾನಲ್ಲಿ ಓಡಿತಲ್ಲ ಅದೇ ಪಂಪು! ಮೆಕ್ಯಾನಿಕ್‌ಗೆ ಅದನ್ನೇ ಕೇಳು.

ಪಂಪು_ನಾಜಲ್
ಅದೇ. ಕ್ಯಾನಿನ ಪರೀಕ್ಷೆ ಸುಳ್ಳಾಗಲ್ಲ, ಗಟ್ಟಿಯಾಗಿ ಹಿಡ್ಕೊಳ್ರಿ ಅದನ್ನ. ಈಗ ಉಳಿದಿರೋದು ಟ್ಯಾಂಕಿನಿಂದ ಕಬ್ಬಿಣದ ಲೈನಿಗೆ, ಲೈನಿನಿಂದ ಫಿಲ್ಟರಿಗೆ ಇರೋ ರಬ್ಬರ್ ಹೋಸು. ಅದು ಯಾವಾಗ ಹಾಕ್ಸಿದ್ದು?

ಆನಗೋಡು_ಜೀಪು
ಹೋದ ಬೇಸಿಗೆಯಾಗೆ ಟ್ಯಾಂಕ್ ಹತ್ರದ್ದು ಸೋರ್ತಿತ್ತು ಅಂತ ದಾರಿಯಾಗೆ ಒಂದು ಗ್ಯಾರೇಜಿನಾಗೆ ಹಾಕ್ಸಿದ್ದು. ಹೊರಗಿನಿಂದ ಹೊಸ್ದರಂಗೇ ಐತಿ, ಬಿರುಕಿಲ್ಲ. ಗಾಳಿನೂ ಸರಾಗ ಹೋತಲ್ಲ?

ಪಂಪು_ನಾಜಲ್
ಗಾಳಿ ಹೊಡೆದಾಗ ಪೈಪು ಉಬ್ತತಿ, ಒಳಗೆ ಪದರ ಕಿತ್ತಿದ್ರೂ ಗೋಡೆಗೆ ಅಂಟ್ಕೊಳ್ತತಿ, ದಾರಿ ಬಿಡ್ತತಿ. ಪಂಪು ಎಳೆದಾಗ ಅದೇ ಪದರ ನಡುವೆ ಬಂದು ಮುಚ್ತತಿ. ಊದಿ ನೋಡಿದ್ರೆ ಸಿಗಲ್ಲ, ಎಳೆದು ನೋಡ್ಬೇಕು. ನೀರಿನ ಹೋಸು, ಗ್ಯಾಸಿನ ಹೋಸು ಕತ್ತರ್ಸಿ ಡೀಸೆಲ್ಲಿಗೆ ಹಾಕಿರೋದು ಬಹಳ ಕಡೆ ನೋಡೀನಿ, ಡೀಸೆಲ್ ಅದರ ಒಳಗಿನ ರಬ್ಬರ್ ಉಬ್ಸಿ ಕಿತ್ತು ಹಾಕ್ತತಿ. ಬಿಸಿ ಆದಷ್ಟು ಮೆತ್ತಗಾಗ್ತತಿ, ಏರಿನಾಗೆ ಡೀಸೆಲ್ ಜಾಸ್ತಿ ಬೇಕಾದಾಗ ಎಳೆತ ಜಾಸ್ತಿ. ಆಫ್ ಮಾಡಿದ್ರೆ ಎಳೆತ ಇಲ್ಲ, ಪದರ ಬಿಟ್ಕೊಳ್ತತಿ. ನಿಮ್ಮ ಲಕ್ಷಣ ಒಂದೊಂದೂ ಕೂಡ್ತತಿ. ಬಿಚ್ಚಿ ಉದ್ದುದ್ದಕ್ಕೆ ಸೀಳಿ ನೋಡ್ರಿ, ಹೋದ್ರೆ ಒಂದು ಪೈಪು.

ಆನಗೋಡು_ಜೀಪು
ಸೀಳಿದೆ ಅಣ್ಣಾ!! ಟ್ಯಾಂಕ್ ಕಡೆ ತುದಿಯಿಂದ ಒಂದು ಗೇಣು ಒಳಗೆ, ನಾಲಿಗಿ ಥರ ರಬ್ಬರ್ ಪದರ ಕಿತ್ತು ನಿಂತೈತಿ. ಬೆರಳಿನಾಗೆ ಒಂದು ಕಡೆ ತಳ್ಳಿದ್ರೆ ಮುಚ್ತತಿ, ಇನ್ನೊಂದು ಕಡೆ ತಳ್ಳಿದ್ರೆ ತೆರೀತತಿ. ಹೊರಗೆ ಒಂದು ಗೆರೆನೂ ಇಲ್ಲ. ಮೆಕ್ಯಾನಿಕ್ ಕೈಯಾಗೆ ಕೊಟ್ಟೆ, ಬಹಳ ಹೊತ್ತು ನೋಡಿ ಇದನ್ನ ಗ್ಯಾರೇಜಿನಾಗೆ ಇಟ್ಕೊಳ್ತೀನಿ, ಹುಡುಗ್ರಿಗೆ ತೋರ್ಸೋಕೆ ಅಂದ್ರು.

ಜಗಳೂರು_ಬಾವಿ
ಕಸ ಅಲ್ಲ, ಫುಟ್‌ವಾಲ್ವಿನ ಚರ್ಮ! ಅದೂ ಕಿತ್ತು ಅಡ್ಡ ಬರ್ತಿತ್ತು ನಮ್ಮ ಕಾಲದಾಗೆ.

ಹೊಳಲ್ಕೆರೆ_ಅಡಿಕೆ
ನಮ್ಮ ಯಜಮಾನ್ರಿಗೆ ಈಗ್ಲೇ ಓದಿ ಹೇಳಿದೆ. ನಮ್ಮ ಗಾಡಿ ಪೈಪೂ ದಾರಿಯಲ್ಲಿ ಹಾಕ್ಸಿದ್ದೇ. ಯಾವ ಪೈಪು ಕೇಳಿ ತಗೋಬೇಕು ಅಂತ ಹೇಳಿ ಅಣ್ಣಾ.

ಪಂಪು_ನಾಜಲ್
ಪೈಪಿನ ಮೇಲೆ ಅಚ್ಚು ಇರ್ತತಿ ಅಕ್ಕ, ಎಸ್‌ಎಇ ಜೆ30 ಆರ್7 ಅಂತ ಇದ್ರೆ ಅದು ಡೀಸೆಲ್ ಪೆಟ್ರೋಲಿಗೆ ಅಂತಾನೇ ಮಾಡಿದ್ದು. ಏನೂ ಬರೀದ ಕರೀ ಪೈಪು ಬೇಡ. ಒಳಗಿನ ಅಳತೆ ಕಬ್ಬಿಣದ ಲೈನಿಗೆ ಸರಿಯಾಗಿರ್ಲಿ, ದೊಡ್ಡದು ತಂದು ಕ್ಲಿಪ್ ಹಾಕಿ ಹಿಂಡಿದ್ರೆ ಅಲ್ಲೇ ಗಾಳಿ ಎಳ್ಕೊಳ್ತತಿ. ಕ್ಲಿಪ್ಪೂ ಜಾಸ್ತಿ ಬಿಗೀಬೇಡ್ರಿ, ರಬ್ಬರ್ ಕತ್ತರ್ಸಿ ಹೋಗ್ತತಿ.

ಆನಗೋಡು ಅಣ್ಣಾ, ಹಾಕಿದ ಮೇಲೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈ ಪಂಪು ಒತ್ರಿ, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೆ, ಆಮೇಲೆ ಬಿಗೀರಿ. ಏರ್ ಇಟ್ಕೊಂಡು ಸೆಲ್ಫ್ ಹೊಡೀಬೇಡ್ರಿ. ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಆಯಿಲ್ಲು, ಒಣಗ್ಲು ತಿರುಗಿದ್ರೆ ಆಗ ನಿಜವಾಗ್ಲೂ ಪಂಪು ಇಳಿಸ್ಬೇಕಾಗ್ತತಿ. ಕೆಸರು ಇತ್ತು ಅಂದ್ರಲ್ಲ, ಒಂದಷ್ಟು ಓಡ್ಸಿದ ಮೇಲೆ ಫಿಲ್ಟರ್ ಇನ್ನೊಂದ್ಸಲ ಬದಲಾಯ್ಸಿಬಿಡ್ರಿ, ಟ್ಯಾಂಕ್ ಅಲುಗಾಡಿದಾಗ ಎದ್ದಿದ್ದು ಅಲ್ಲಿ ಕೂತಿರ್ತತಿ.

ದುರ್ಗದ_ಡ್ರೈವರ್
ಸಣ್ಣ ಗುಳ್ಳೆ ವಿಷಯ ನನಗೆ ಹೊಸದು ಪಂಪಣ್ಣ. ನಮ್ಮ ಹುಡುಗರಿಗೂ ಹೇಳ್ತೀನಿ.

ಆನಗೋಡು_ಜೀಪು
ಹೊಸಾ ಪೈಪು ಎರಡೂ ಕಡೆ ಹಾಕಿ ಆತು, ಕೈ ಪಂಪು ಒತ್ತಿ ಏರ್ ತೆಗ್ದು, ಚೀಲ ಪೂರ್ತಿ ಹೇರ್ಕೊಂಡು ದುರ್ಗ ದಾಟಿ ಹೋಗಿ ಬಂದ್ವಿ. ಟಾಪ್ ಗೇರಿನಾಗೇ ಏರು ಹತ್ತಿತು. ಪಂಪು ಇಳಿಸೋ ದುಡ್ಡು ಉಳೀತು, ಎಲ್ರಿಗೂ ಕೈ ಮುಗೀತೀನಿ. ಮಿರ್ಚಿ ತಮ್ಮಾ, ಭಾನುವಾರ ಬೆಳಿಗ್ಗೆ ದಾವಣಗೆರೆಗೆ ಬರ್ತೀನಿ, ಪಂಪಣ್ಣನ್ನೂ ಕರ್ಕೊಂಡು ಬಾ.

ಮಿರ್ಚಿಮಂಡಕ್ಕಿ
ಬೆಣ್ಣೆ ಜಾಸ್ತಿ ಹಾಕ್ಸಿ ಎರಡು, ಆಮೇಲೆ ಒಂದು ಖಾಲಿ. ಬೇಗ ಬಾ ಅಣ್ಣಾ, ಒಂಬತ್ತರ ಮೇಲೆ ಕೂರೋಕೆ ಜಾಗ ಸಿಗಲ್ಲ.

ಚಳ್ಳಕೆರೆ_ಶೇಂಗಾ
ಫಿಟ್ಟರ್ ಸರ್, ಕಾರು ನಿಂತಾಗ ಪ್ಲಗ್ ನೋಡಿದೆ, ಕಿಡಿ ಇಲ್ಲ. ಕಾಯಿಲ್ ಮುಟ್ಟೋಕಾಗದಷ್ಟು ಬಿಸಿ. ಕಾಯಿಲ್ ಒಂದೇ ಬದಲಾಯಿಸ್ಲಾ, ಕಂಡೆನ್ಸರೂ ಸೇರಿಸಿ ಹಾಕ್ಲಾ?

ಹರಿಹರ_ನಿವೃತ್ತ_ಫಿಟ್ಟರ್
ಕಾಯಿಲ್ ಮೊದಲು ಹಾಕಿ ಓಡಿಸಿ ನೋಡಿ. ಕಂಡೆನ್ಸರ್ ತಂದು ಗಾಡಿಯಲ್ಲಿ ಇಟ್ಟುಕೊಳ್ಳಿ, ಕಾಯಿಲ್ ಹಾಕಿದ ಮೇಲೂ ನಿಂತರೆ ಹಿರಿಯೂರಿನ ದಾರಿಯಲ್ಲೇ ಹಾಕಬಹುದು, ಒಂದು ಸ್ಕ್ರೂ ಕೆಲಸ.